ಇಲ್ಲದ ನಾಡಿಗೆ ಎಲ್ಲೆ ಬರೆಯುವ ಬಗೆ

ಒಮಾನಿನ ಬರ್ಕಾದಲ್ಲಿ ನೆಲಸಿದ ಕನ್ನಡಿಗನು, ಅದರಲ್ಲಿಯೂ ಕರಾವಳಿಯ ಕಡೆಯವನು, ಮೊದಲ ಕೆಲವು ತಿಂಗಳು ಅನುಭವಿಸುವ ತೊಡಕುಗಳಲ್ಲಿ ಭಾಷೆಯದಕ್ಕಿಂತಲೂ ಬಿಸಿಲಿನದಕ್ಕಿಂತಲೂ ವಿಚಿತ್ರವಾದುದು ದಿಕ್ಕಿನದು. ಉಡುಪಿ, ಕುಂದಾಪುರ, ಕಾಸರಗೋಡುಗಳಲ್ಲಿ ಬೆಳೆದವನಿಗೆ ಕಡಲೆಂದರೆ ಪಡುವಣ, ಬೆಟ್ಟವೆಂದರೆ ಮೂಡಣ. ಘಟ್ಟದ ಮೇಲಿನಿಂದ ಎದ್ದ ಸೂರ್ಯನು ಸಂಜೆಗೆ ನೀರಿಗಿಳಿಯುವುದು ಪ್ರಕೃತಿಯ ನಿಯಮವೆಂದೇ ಅವನ ನಂಬುಗೆ. ಬರ್ಕಾದಲ್ಲಾದರೋ ಸಮುದ್ರವು ಬಡಗಣಕ್ಕಿದೆ, ಹಜರ್ ಪರ್ವತಶ್ರೇಣಿಯು ತೆಂಕಣಕ್ಕಿದೆ, ಇವೆರಡರ ನಡುವೆ, ಎಂದೋ ಒಮ್ಮೆ ಸುರಿಯುವ ಮಳೆಯಲ್ಲಿ ಬೆಟ್ಟದ ತೊರೆಗಳು ಉರುಳಿಸಿ ತಂದ ನೊರಜುಗಲ್ಲಿನ ಬಯಲು ಹಾಸಿಕೊಂಡಿದೆ. ಕಡಲಂಚಿನಲ್ಲಿ ಮಾತ್ರ ಖರ್ಜೂರದ ತೋಟಗಳ ಹಸುರು ಪಟ್ಟಿ. ಇರುಳು ಸಮುದ್ರದ ಮೇಲೆ ತೋರುವುದು ಧ್ರುವನಕ್ಷತ್ರ. ಹುಟ್ಟಿದ ನೆಲದ ಭೂಪಟವನ್ನು ನಾವು ಕಾಗದದಲ್ಲಲ್ಲ, ಬೆನ್ನು ಮೊಗಗಳ ರೂಢಿಯಲ್ಲಿಯೇ ಹೊತ್ತು ತಿರುಗುತ್ತೇವೆ ಎಂಬುದು ಇಂಥ ಸ್ಥಳದಲ್ಲಿ ಮನಸ್ಸಿಗೆ ಹತ್ತುತ್ತದೆ.

ನಮ್ಮ ನೆರೆಯ ಕನ್ನಡ ಕುಟುಂಬದ ಬಾಲಕನೊಬ್ಬನು ಶುಕ್ರವಾರದ ಬಿಡುವಿನಲ್ಲಿ ತನ್ನ ಗೆಳೆಯರೊಡನೆ ಆಡುವ ಆಟವೊಂದಕ್ಕಾಗಿ ಕಲ್ಪಿತ ರಾಜ್ಯದ ನಕ್ಷೆಯನ್ನು ಬರೆದಿದ್ದನು. ಅದು ಭಾರತದ ಪುರಾತನ ರಾಜ್ಯವೆಂದು ಅವನ ಹೇಳಿಕೆ. ಉತ್ತರದಲ್ಲಿ ಹಿಮಶಿಖರಗಳು, ಅವುಗಳ ತಪ್ಪಲಲ್ಲಿ ಪೈನ್ ವನ, ಮಧ್ಯದಲ್ಲಿ ಮೊನಚು ಗೋಪುರದ ಕೋಟೆ, ಕೋಟೆಯ ಮುಂದೆ ಎರಡಾಗಿ ಸೀಳಿ ಎರಡು ಸಮುದ್ರಗಳಿಗೆ ಬೀಳುವ ಒಂದು ನದಿ. ಅಲ್ಲಲ್ಲಿ ಪುಟ್ಟ ದೇವಸ್ಥಾನದ ಚಿತ್ರಗಳನ್ನು ಅಂಟಿಸಿದ್ದರಿಂದ ಅದು ಭಾರತವಾಗಿತ್ತು. “ನಿನ್ನ ರಾಜ್ಯಕ್ಕೆ ಮಳೆ ಎಲ್ಲಿಂದ ಬರುತ್ತದಪ್ಪಾ?” ಎಂದು ಕೇಳಿದೆ. “ಮೇಲಿಂದ, ಅಂಕಲ್” ಎಂದನು. ವರ್ಷಕ್ಕೆ ನಾಲ್ಕು ದಿನ ಮಳೆ ಕಾಣುವ ಊರಿನ ಬಾಲಕನಿಂದ ಇದಕ್ಕಿಂತ ಹೆಚ್ಚಿನ ಉತ್ತರವನ್ನು ಅಪೇಕ್ಷಿಸುವುದು ನ್ಯಾಯವಲ್ಲ. ಆದರೆ ಇದೇ ಉತ್ತರವನ್ನು ಈಗ ನಮ್ಮಲ್ಲಿ ಕಾದಂಬರಿಗೋ ಗಣಕದ ಆಟಕ್ಕೋ ‘ಭಾರತೀಯ’ ಮಾಯಾಲೋಕಗಳನ್ನು ಸೃಷ್ಟಿಸುವ ಅನೇಕ ಪ್ರೌಢರೂ ಕೊಡುತ್ತಿದ್ದಾರೆಂಬುದೇ ನನ್ನ ತಕರಾರು.

ಕಥೆಗೆ ಮೊದಲು ನಕ್ಷೆ ಎಂಬ ಪದ್ಧತಿಗೆ ಪಶ್ಚಿಮದಲ್ಲಿ ಒಳ್ಳೆಯ ವಂಶವಿದೆ. 1881ರಲ್ಲಿ ಸ್ಕಾಟ್‌ಲೆಂಡಿನ ಬ್ರೇಮಾರ್ ಎಂಬಲ್ಲಿ ಸ್ಟೀವನ್‌ಸನ್ನನು ತನ್ನ ಮಲಮಗನ ವಿನೋದಕ್ಕಾಗಿ ದ್ವೀಪವೊಂದರ ಚಿತ್ರವನ್ನು ಬರೆದು ಬಣ್ಣ ಹಾಕುತ್ತಿರುವಾಗ, ಆ ದ್ವೀಪದ ಕೊಲ್ಲಿ ಕಾಡುಗಳ ನಡುವಿನಿಂದ ‘ಟ್ರೆಷರ್ ಐಲೆಂಡ್’ ಕಾದಂಬರಿಯ ಪಾತ್ರಗಳು ಎದ್ದುಬಂದವೆಂದು ಅವನೇ ಹೇಳಿಕೊಂಡಿದ್ದಾನೆ. ಟೋಲ್ಕಿನ್ನನೂ 1954-55ರಲ್ಲಿ ಪ್ರಕಟವಾದ ತನ್ನ ಬೃಹತ್ಕಥೆಯನ್ನು ನಕ್ಷೆಯಿಂದಲೇ ಆರಂಭಿಸಿ, ದೂರಗಳನ್ನೂ ದಿನಗಳನ್ನೂ ಅದಕ್ಕೆ ಹೊಂದಿಸಿದವನು. ಮುದ್ರಣಕ್ಕೆ ನಕ್ಷೆಯನ್ನು ಬರೆದುಕೊಟ್ಟವನು ಅವನ ಮಗ ಕ್ರಿಸ್ಟೊಫರ್. ಟೋಲ್ಕಿನ್ನನು ಬರೆದುದು ತಾನು ಬಲ್ಲ ಶೀತಭೂಮಿಯನ್ನು. ಪಶ್ಚಿಮದಲ್ಲಿ ಸಮುದ್ರ, ಒಳನಾಡಿನಲ್ಲಿ ಹುಲ್ಲುಗಾವಲು, ದೂರದಲ್ಲಿ ಹಿಮ. ಅದು ಅವನಿಗೆ ಸಹಜವಾಗಿತ್ತು. ಅನುಕರಿಸಿದವರು ಮಾತ್ರ ಆ ನೆಲದ ಚರ್ಮವನ್ನು ಹಾಗೆಯೇ ಇಟ್ಟು ಮೇಲೆ ಪಂಚೆಯನ್ನುಡಿಸಿದರು.

ಹಾಗೆಂದು ನಮ್ಮಲ್ಲಿ ಕಾಲ್ಪನಿಕ ಭೂಗೋಳವೇ ಇರಲಿಲ್ಲವೆಂದಲ್ಲ, ಅತಿಯಾಗಿದ್ದಿತು. ಪುರಾಣಗಳ ಸಪ್ತದ್ವೀಪಗಳನ್ನು ಉಪ್ಪುನೀರು, ಕಬ್ಬಿನ ಹಾಲು, ಸುರೆ, ತುಪ್ಪ, ಮೊಸರು, ಹಾಲು, ಸಿಹಿನೀರುಗಳ ಸಮುದ್ರಗಳು ಒಂದಾದಮೇಲೊಂದು ಬಳೆಗಳಂತೆ ಸುತ್ತುವರಿದಿವೆ. ಜೈನಾಗಮಗಳ ಲೆಕ್ಕವಂತೂ ಇನ್ನೂ ಕಟ್ಟುನಿಟ್ಟು: ಒಂದು ಲಕ್ಷ ಯೋಜನ ವ್ಯಾಸದ ಜಂಬೂದ್ವೀಪ, ನಡುವೆ ಮೇರು, ಹಿಮವಾನ್ ಮೊದಲುಗೊಂಡು ಶಿಖರಿಯ ತನಕ ಪೂರ್ವಪಶ್ಚಿಮವಾಗಿ ಹಾಯ್ದ ಆರು ಪರ್ವತಗಳು, ಅವುಗಳಿಂದ ವಿಭಕ್ತವಾದ ಏಳು ಕ್ಷೇತ್ರಗಳು, ದಕ್ಷಿಣದ ತುದಿಯಲ್ಲಿ ಬಿಲ್ಲಿನಾಕಾರದ ಭರತಕ್ಷೇತ್ರ. ಆಚೆಗೆ ಲವಣಸಮುದ್ರ, ಧಾತಕೀಖಂಡ, ಕಾಲೋದ, ಪುಷ್ಕರ. ಆ ಪುಷ್ಕರದ್ವೀಪದ ನಟ್ಟನಡುವೆ ಮಾನುಷೋತ್ತರವೆಂಬ ಪರ್ವತ. ಮನುಷ್ಯನೆಂಬವನು ಅದನ್ನು ದಾಟಲಾರನು. ಎಂಟನೆಯದಾದ ನಂದೀಶ್ವರದ್ವೀಪದಲ್ಲಿ ಐವತ್ತೆರಡು ಜಿನಾಲಯಗಳಿದ್ದು, ಅವುಗಳನ್ನು ಮನುಷ್ಯರು ಹೋಗಿ ನೋಡಲಾಗದುದರಿಂದಲೇ ಅವುಗಳ ಲೋಹದ ಮಾದರಿಯನ್ನು ನಮ್ಮ ಬಸದಿಗಳಲ್ಲಿರಿಸಿ ಪೂಜಿಸುತ್ತಾರೆ. ಎರಡೂವರೆ ದ್ವೀಪಗಳ ಆಚೆಗೆ ನರಸಂಚಾರವಿಲ್ಲವೆಂದು ಗೆರೆಯೆಳೆದ ಆ ಪ್ರಾಚೀನರ ಧೈರ್ಯವು ನನ್ನನ್ನು ಬೆರಗುಗೊಳಿಸುತ್ತದೆ. ಇಂದಿನ ಯಾವ ಮಾಯಾಲೋಕದ ನಕ್ಷೆಗಾರನೂ ತನ್ನ ಕಥಾನಾಯಕನಿಗೆ ಇಷ್ಟು ಖಂಡಿತವಾದ ಎಲ್ಲೆಯನ್ನು ವಿಧಿಸಿದುದನ್ನು ನಾನು ಕಂಡಿಲ್ಲ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ನಮ್ಮ ಹಿರಿಯರು ಕವಡೆ ಹಾಕಿ ಆಡುತ್ತಿದ್ದ ಪರಮಪದಸೋಪಾನಪಟವೂ ಇದೇ ಕುಲದ್ದು. ಅಲ್ಲಿ ಹಾವುಗಳು ಪಾಪ, ಏಣಿಗಳು ಪುಣ್ಯ, ತುತ್ತತುದಿ ಪರಮಪದ.

ಇವೆಲ್ಲ ಆತ್ಮನು ಸಂಚರಿಸುವ ನಕ್ಷೆಗಳು. ಕಥೆಯ ಪಾತ್ರಗಳಿಗೆ ಕಾಲು ನೋಯಬೇಕು, ಬಾಯಾರಬೇಕು, ಹೊಳೆಯ ದಡದಲ್ಲಿ ದೋಣಿಗಾಗಿ ಕಾಯಬೇಕು. ಆದುದರಿಂದ ಮೇರುವಿನಿಂದ ಇಳಿದು ಘಟ್ಟಕ್ಕೆ ಬರೋಣ.

ನಮ್ಮ ನಾಡಿನ ರೇಖಾಚಿತ್ರವನ್ನು ಬರೆದವನು ಮಳೆರಾಯ. ನೈಋತ್ಯದಿಂದ ಬೀಸುವ ಮುಂಗಾರು ಸಹ್ಯಾದ್ರಿಗೆ ಬಡಿದು ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕು ಸುರಿಯುತ್ತದೆ. ಅಲ್ಲಿಂದ ಹಕ್ಕಿಯ ಹಾದಿಯಲ್ಲಿ ಇನ್ನೂರು ಕಿಲೋಮೀಟರಿನೊಳಗಿರುವ ಚಳ್ಳಕೆರೆಯಲ್ಲಿ 500 ಮಿಲಿಮೀಟರಿನ ಆಸುಪಾಸಿಗೆ ಇಳಿದುಹೋಗುತ್ತದೆ. ಒಂದು ಕಡೆ ಹೆಂಚಿನ ಕಡಿದಾದ ಮಾಡು, ಅಡಕೆಯ ತೋಟ, ಒಂಟಿ ಮನೆಗಳು. ಇನ್ನೊಂದು ಕಡೆ ಮಣ್ಣಿನ ಮಟ್ಟಸ ಮಾಳಿಗೆ, ಕುರಿಮಂದೆ, ಒತ್ತೊತ್ತಾಗಿ ಕೂಡಿದ ಊರು. ಬೆಟ್ಟದ ಒಂದು ಗೆರೆ ಎರಡು ಬಗೆಯ ಅಡುಗೆಯನ್ನು, ಎರಡು ಬಗೆಯ ದೇವರನ್ನು, ಎರಡು ಬಗೆಯ ಜಗಳವನ್ನು ಹುಟ್ಟಿಸುತ್ತದೆ. ಕಲ್ಪಿತ ರಾಜ್ಯದ ನಕ್ಷೆಗಾರನು ಗಾಳಿಯ ದಿಕ್ಕನ್ನು ಬಾಣದ ಗುರುತಿನಿಂದ ಮೊದಲು ಬರೆದು, ಆಮೇಲೆ ಪರ್ವತವನ್ನಿಟ್ಟನಾದರೆ, ಕಾಡು ಎಲ್ಲಿ, ಬಯಲು ಎಲ್ಲಿ, ಯಾವ ರಾಜನ ಕಣಜ ತುಂಬಿರುತ್ತದೆ, ಯಾವನು ದಂಡೆತ್ತಿ ಬರುತ್ತಾನೆ ಎಂಬುದೆಲ್ಲ ತಾನಾಗಿಯೇ ಗೊತ್ತಾಗುವುದು.

ಹೊಳೆಗಳ ವಿಚಾರದಲ್ಲಿ ನಮ್ಮ ನೆಲಕ್ಕೆ ಒಂದು ತುಂಟತನವಿದೆ. ಕೃಷ್ಣೆ, ಕಾವೇರಿ, ತುಂಗಭದ್ರೆಯರು ಪಡುಗಡಲಿನ ಸಮೀಪದಲ್ಲಿಯೇ ಹುಟ್ಟಿಯೂ ಆ ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ, ಇಡೀ ಪ್ರಸ್ಥಭೂಮಿಯನ್ನು ಹಾಯ್ದು ಬಂಗಾಳಕೊಲ್ಲಿಯನ್ನು ಸೇರುತ್ತಾರೆ. ಶರಾವತಿಯು ಮಾತ್ರ ಆತುರಗಾರ್ತಿ, ಜೋಗದಲ್ಲಿ 253 ಮೀಟರು ಧುಮುಕಿ ಹೊನ್ನಾವರಕ್ಕೆ ನಡೆದುಬಿಡುತ್ತಾಳೆ. ನದಿಯು ಕೆಳಗೆ ಹರಿದಂತೆ ಕೂಡಿಕೊಳ್ಳುವುದೇ ಹೊರತು ಒಡೆಯುವುದಿಲ್ಲ ಎಂಬುದು ಸಾಮಾನ್ಯ ಸೂತ್ರ, ನಮ್ಮ ಬಾಲಕನು ಮೀರಿದ ಸೂತ್ರವೂ ಇದೇ. ಆದರೆ ಕಾವೇರಿಯು ಶ್ರೀರಂಗಪಟ್ಟಣದಲ್ಲಿ, ಶಿವನಸಮುದ್ರದಲ್ಲಿ, ಶ್ರೀರಂಗದಲ್ಲಿ ಕವಲೊಡೆದು ಮತ್ತೆ ಕೂಡಿಕೊಂಡು ದ್ವೀಪವನ್ನು ನಿರ್ಮಿಸುತ್ತಾಳೆ, ಮೂರರಲ್ಲಿಯೂ ರಂಗನಾಥನು ಪವಡಿಸಿದ್ದಾನೆ. ಆದಿ, ಮಧ್ಯ, ಅಂತ್ಯ ಎಂಬ ಕ್ರಮವೂ ಉಂಟು. ಭೂರಚನೆಯ ಒಂದು ಅಪವಾದವನ್ನು ಕಂಡೊಡನೆ ಅಲ್ಲಿ ದೇವರನ್ನು ಮಲಗಿಸುವುದು ನಮ್ಮ ಜನದ ನಕ್ಷಾಶಾಸ್ತ್ರ.

ಬಯಲುಸೀಮೆಗೆ ಬಂದರೆ ನದಿಗಿಂತ ಕೆರೆ ಮುಖ್ಯ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅದರದು ಮುಂದಿನದಕ್ಕೆ, ಹೀಗೆ ಊರಿಂದೂರಿಗೆ ಸರಪಣಿಯಾಗಿ ಇಳಿಯುವ ಕೆರೆಗಳ ಏರಿ, ತೂಬು, ಅಚ್ಚುಕಟ್ಟುಗಳು, ತೂಬನ್ನು ಎತ್ತಿ ಇಳಿಸುವ ನೀರುಗಂಟಿಯ ಅಧಿಕಾರ, ಏರಿ ನಿಲ್ಲದಾಗ ಬಲಿಯಾದ ಹೆಣ್ಣಿನ ಕಥೆ: ಒಂದು ಮಹಾಕಾದಂಬರಿಗೆ ಸಾಕಾಗುವಷ್ಟು ರಾಜಕೀಯವೂ ದುಃಖವೂ ಅಲ್ಲಿವೆ. ಆದರೂ ಭಾರತೀಯವೆನ್ನಿಸಿಕೊಳ್ಳುವ ಕಾಲ್ಪನಿಕ ನಕ್ಷೆಗಳಲ್ಲಿ ಅರಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಕೆರೆಗಳ ಸರಪಣಿಯನ್ನು ನೋಡಿದ ನೆನಪಿಲ್ಲ.

ಬರ್ಕಾದಲ್ಲಿದ್ದುಕೊಂಡು ಈ ಮಾತನ್ನು ಹೇಳುವುದಕ್ಕೆ ಕಾರಣವುಂಟು. ನೀರು ವಿರಳವಾದಲ್ಲಿ ನಕ್ಷೆಯ ಎಲುಬು ಚೆನ್ನಾಗಿ ಕಾಣುತ್ತದೆ. ಇಲ್ಲಿಂದ ಒಳನಾಡಿಗೆ, ನಖಲ್ ಮತ್ತು ರುಸ್ತಾಕಿನ ಕಡೆಗೆ ಹೋದರೆ, ಬೆಟ್ಟದ ಬುಡದಿಂದ ನೆಲದಡಿಯಲ್ಲಿ ಕಾಲುವೆ ತೋಡಿ ನೀರನ್ನು ಊರಿಗೆ ತರುವ ಫಲಜ್ ಎಂಬ ಏರ್ಪಾಡನ್ನು ನೋಡಬಹುದು. ಇಂಥ ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನೀರು ಮೊದಲು ಕುಡಿಯುವುದಕ್ಕೆ, ಅನಂತರ ಮಸೀದಿಗೆ ಮತ್ತು ಸ್ನಾನಕ್ಕೆ, ಕಟ್ಟಕಡೆಗೆ ತೋಟಗಳಿಗೆ. ತೋಟದವರ ಸರದಿಯನ್ನು ಹಗಲು ನೆಟ್ಟ ಕೋಲಿನ ನೆರಳಿನಿಂದಲೂ ಇರುಳು ನಕ್ಷತ್ರಗಳಿಂದಲೂ ಅಳೆಯುತ್ತಿದ್ದರು. ಕಡಲಂಚಿನ ಬಾತಿನಾ ತೋಟಗಳಲ್ಲಿ ಪಂಪು ಬರುವ ಮೊದಲು ಎತ್ತುಗಳನ್ನು ಇಳಿಜಾರಿನಲ್ಲಿ ನಡೆಸಿ ಬಾವಿಯ ನೀರನ್ನೆತ್ತುತ್ತಿದ್ದ ಬಗೆಯು ನಮ್ಮ ಕಪಿಲೆಯದೇ ಸೋದರ. ಆ ಎತ್ತುಗಳ ವಂಶವು ಇಂದು ಬರ್ಕಾದ ಅಖಾಡದಲ್ಲಿ ಕೊಂಬು ಕೊಂಬು ತಾಗಿಸಿ ಕಾಳಗವಾಡುತ್ತದೆ, ನೋಡಲು ಊರೆಲ್ಲ ನೆರೆಯುತ್ತದೆ. ಪಂಪುಗಳು ಮಿತಿಮೀರಿ ಎಳೆದುದರಿಂದ ತೀರದ ಬಾವಿಗಳಿಗೆ ಉಪ್ಪುನೀರು ಒಸರಿದೆ. ತೋಟವೊಂದು ಏಕೆ ಪಾಳುಬಿದ್ದಿತೆಂಬುದಕ್ಕೆ ರಾಕ್ಷಸನ ಶಾಪವೇ ಆಗಬೇಕೆಂದಿಲ್ಲ, ಸಮುದ್ರವು ನೆಲದಡಿಯಿಂದ ನಡೆದುಬಂದಿತೆಂದರೂ ಕಥೆಗೆ ಸಾಕು.

ಪಶ್ಚಿಮದಲ್ಲಿ ಸ್ವಲ್ಪ ದೂರದ ಸವಾದಿಯಲ್ಲಿ ದಡಕ್ಕೆ ಹತ್ತಿರವಾಗಿ ಒಂದು ನಡುಗಡ್ಡೆಯಿದೆ. ಇಳಿತದ ವೇಳೆಯಲ್ಲಿ ಅದಕ್ಕೆ ನಡೆದೇ ಹೋಗಬಹುದು, ಭರತ ಬಂದರೆ ಅದು ಮತ್ತೆ ದ್ವೀಪ. ಅದರ ಮೇಲೊಂದು ಕಾವಲುಗೋಪುರ. ದಿನದಲ್ಲಿ ಎರಡಾವೃತ್ತಿ ತನ್ನ ಆಕಾರವನ್ನು ಬದಲಿಸುವ ಇಂಥ ಸ್ಥಳವನ್ನು ಯಾವ ಮಾಂತ್ರಿಕನೂ ಇದಕ್ಕಿಂತ ಚೆನ್ನಾಗಿ ಕಲ್ಪಿಸಲಾರನು.

ಎಲ್ಲೆಯ ವಿಚಾರವನ್ನು ಹೇಳಬೇಕು. ನನ್ನ ಮತದಲ್ಲಿ ಮುಖ್ಯವಾದುದು ಅದೇ. ನಮ್ಮ ದತ್ತಿಶಾಸನಗಳನ್ನು ಕಂಡರಿಸಿದವರು ಕಾಗದದ ನಕ್ಷೆಯನ್ನು ಲಗತ್ತಿಸಲಿಲ್ಲ. ಭೂಮಿಯ ಸುತ್ತ ನಡೆದು ಬಂದುದನ್ನು ಮಾತಿನಲ್ಲಿಯೇ ಕಲ್ಲಿಗಿಳಿಸಿದರು. ಮೂಡಲು ಹಿರಿಯ ಕೆರೆಯ ಕೋಡಿ, ಆಗ್ನೇಯಕ್ಕೆ ಹುತ್ತ, ತೆಂಕಲು ಒಂಟಿ ಹುಣಸೆ, ನೈಋತ್ಯಕ್ಕೆ ಮೂರೂರ ಎಲ್ಲೆ ಕೂಡುವ ಗುಂಡು, ಪಡುವಲು ಹಳ್ಳ: ಹೀಗೆ ಪ್ರದಕ್ಷಿಣಕ್ರಮದಲ್ಲಿ ಸಾಗಿ ಹೊರಟಲ್ಲಿಗೇ ಬಂದು ನಿಲ್ಲುವುದು ಅವುಗಳ ಸಾಮಾನ್ಯ ಧಾಟಿ. ನೆಟ್ಟ ಎಲ್ಲೆಕಲ್ಲುಗಳಲ್ಲಿಯೂ ಭೇದವಿದ್ದಿತು. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವರ ಅಥವಾ ಬ್ರಾಹ್ಮಣರ ದತ್ತಿಗೆ ವಾಮನಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು. ಓದು ಬಾರದವನೂ ಕಲ್ಲನ್ನು ನೋಡಿ ಇದು ಯಾರ ನೆಲವೆಂದು ತಿಳಿಯುತ್ತಿದ್ದನು. ಇದಕ್ಕಿಂತ ಒಳ್ಳೆಯ ಸಂಕೇತಸೂಚಿ ಯಾವ ನಕ್ಷೆಗೆ ಬೇಕು? ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿ ಗೋದಾವರಿಗಳನ್ನು ಕನ್ನಡನಾಡಿನ ಎರಡು ಅಂಚುಗಳೆಂದು ಹೇಳಿ, ಅದರ ತಿರುಳನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳೆಂಬ ನಾಲ್ಕು ಊರುಗಳ ನಡುವೆ ಗುರುತಿಸಿದುದೂ ಇದೇ ವಿಧಾನದ ಹಿರಿಯ ರೂಪ. ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳಿಗೆ ಇಂದಿಗೂ ಬಸ್ಸು ಹೋಗುತ್ತದೆ.

1799ರ ತರುವಾಯ ಮೈಸೂರು ಸೀಮೆಯನ್ನು ಅಳೆಯಹೊರಟ ಕಾಲಿನ್ ಮೆಕೆಂಜಿಯು ಈ ಮರ್ಮವನ್ನು ಅರಿತಿದ್ದನು. ಸರಪಳಿ ಹಿಡಿದು ಅಳೆಯುವವರ ಜೊತೆಗೆ, ಕಾವಲಿ ವೆಂಕಟ ಬೊರಯ್ಯನೇ ಮೊದಲಾದ ದೇಶೀಯ ವಿದ್ವಾಂಸರನ್ನು ಊರೂರಿಗೆ ಕಳುಹಿಸಿ, ಶಾಸನಗಳನ್ನೂ ಐತಿಹ್ಯಗಳನ್ನೂ ಕೈಫಿಯತ್ತುಗಳನ್ನೂ ಕೂಡಿಸಿದನು. ಅಳತೆಯೊಂದೇ ಸಾಕೆಂದಿದ್ದರೆ ನಮಗೆ ಬೆಟ್ಟದ ಎತ್ತರ ತಿಳಿಯುತ್ತಿತ್ತು, ಆ ಬೆಟ್ಟವನ್ನು ಯಾರು ಎಸೆದರೆಂಬುದು ತಿಳಿಯುತ್ತಿರಲಿಲ್ಲ.

ಯಾರು ಎಸೆದರು, ಯಾರು ಮಲಗಿದರು, ಯಾರ ಸೆರಗು ತಗುಲಿತು ಎಂಬುದೇ ಸ್ಥಳಪುರಾಣ. ಹಂಪೆ ಆನೆಗೊಂದಿಗಳ ನಡುವೆ ತುಂಗಭದ್ರೆಯ ಎರಡು ದಡಗಳಲ್ಲಿ ಕಿಷ್ಕಿಂಧೆಯ ನಕ್ಷೆ ಬಂಡೆಗಳ ಮೇಲೆಯೇ ಬಿಡಿಸಿದೆ: ಅಂಜನಾದ್ರಿ, ಋಷ್ಯಮೂಕ, ಮತಂಗ, ಪಂಪಾಸರೋವರ, ಶ್ರೀರಾಮನು ಮಳೆಗಾಲವನ್ನು ಕಳೆದ ಮಾಲ್ಯವಂತ, ಸುಗ್ರೀವನ ಗವಿಯ ಬಳಿ ಸೀತೆಯ ಸೆರಗಿನ ಗುರುತೆಂದು ತೋರಿಸುವ ಬಂಡೆಯ ಮೇಲಿನ ಬಿಳಿಯ ಗೆರೆ. ನಿಂಬಾಪುರದ ಬೂದಿದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನ ಹೇಳುತ್ತಾರೆ, ನವಶಿಲಾಯುಗದ ಪಶುಪಾಲಕರು ಸುಟ್ಟ ಸಗಣಿಯ ರಾಶಿಯೆಂದು ಪುರಾತತ್ವಜ್ಞರು ಹೇಳುತ್ತಾರೆ. ನಕ್ಷೆಗಾರನಿಗೆ ಎರಡೂ ಬೇಕು. ಒಂದನ್ನು ಇನ್ನೊಂದರಿಂದ ಅಳಿಸುವವನು ಬಡ ನಕ್ಷೆಗಾರನು.

ಈ ವಿದ್ಯೆಯನ್ನು ಆಧುನಿಕ ಕಾಲದಲ್ಲಿ ಅತ್ಯಂತ ನಿರಾಡಂಬರವಾಗಿ ಸಾಧಿಸಿದವರು ಆರ್. ಕೆ. ನಾರಾಯಣರು. 1930ರ ವಿಜಯದಶಮಿಯಂದು ಬೆಂಗಳೂರಿನಲ್ಲಿ ಬರೆಯಲು ಕುಳಿತಾಗ ಅವರ ಕಣ್ಣಮುಂದೆ ಸುಳಿದ ಪುಟ್ಟ ರೈಲು ನಿಲ್ದಾಣವೇ ಮಾಲ್ಗುಡಿ. 1935ರಲ್ಲಿ ಪ್ರಕಟವಾದ ಮೊದಲ ಕಾದಂಬರಿಯಿಂದ ಮೊದಲ್ಗೊಂಡು ಸರಯೂ ನದಿ, ಮೆಂಪಿ ಬೆಟ್ಟ, ಲಾಲಿ ಬಡಾವಣೆ, ಕಬೀರ್ ಬೀದಿ, ಮಾರ್ಕೆಟ್ ರಸ್ತೆ ಒಂದೊಂದಾಗಿ ಸೇರುತ್ತ ಹೋದವು. ಅವರು ಪುಸ್ತಕದಲ್ಲಿ ಬಿಡಿಬಿಡಿಯಾಗಿ ಹೇಳಿದ ವಿವರಗಳಿಂದಲೇ ಅಮೆರಿಕದ ವಿದ್ವಾಂಸ ಜೇಮ್ಸ್ ಫೆನೆಲಿಯು ಮಾಲ್ಗುಡಿಯ ನಕ್ಷೆಯನ್ನು ಬರೆಯಬಲ್ಲವನಾದನು. 1949ರ ‘ಮಿಸ್ಟರ್ ಸಂಪತ್’ ಕಾದಂಬರಿಯಲ್ಲಿ ಒಂದು ದರ್ಶನವಿದೆ: ಲಂಕೆಗೆ ಹೋಗುವ ರಾಮನ ಬಾಣದಿಂದ ಸರಯೂ ಹುಟ್ಟುವುದು, ಬುದ್ಧನು ಆ ದಾರಿಯಲ್ಲಿ ಸಾಗುವುದು, ಪ್ರಸವವೇದನೆಯ ಕಪ್ಪೆಗೆ ನಾಗರವು ಹೆಡೆಯ ನೆರಳು ನೀಡಿದುದನ್ನು ಶಂಕರರು ಕಾಣುವುದು, ಆಮೇಲೆ ಇಂಗ್ಲಿಷ್ ವರ್ತಕನ ಆಗಮನ. ಆ ಕಪ್ಪೆ ಶೃಂಗೇರಿಯದೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಒಂದು ಕಲ್ಪಿತ ಊರಿಗೆ ನಾಲ್ಕು ಯುಗಗಳ ಪದರವನ್ನು ಕೆಲವೇ ಪುಟಗಳಲ್ಲಿ ಹಾಸಿದ ಈ ಕೆಲಸವು ಸಾವಿರ ವರ್ಷದ ರಾಜವಂಶಾವಳಿಯನ್ನು ಅನುಬಂಧವಾಗಿ ಅಚ್ಚುಹಾಕುವುದಕ್ಕಿಂತ ಎಷ್ಟೋ ಮೇಲು. ಶಂಕರನಾಗ್ ಮಾಲ್ಗುಡಿಯನ್ನು ದೂರದರ್ಶನಕ್ಕೆ ತರುವಾಗ ಆಗುಂಬೆಯನ್ನೂ ಅರಸಾಳು ರೈಲು ನಿಲ್ದಾಣವನ್ನೂ ಆರಿಸಿಕೊಂಡರು. ಬೇಸಗೆಯಲ್ಲಿ ಬತ್ತುವ ನದಿಯುಳ್ಳ ಬಯಲಿನ ಊರು ಹೀಗೆ ನಾಡಿನ ಅತ್ಯಂತ ಮಳೆಯ ಊರುಗಳಲ್ಲೊಂದರಲ್ಲಿ ಬಂದು ನೆಲಸಿತು, ಯಾರೂ ಆಕ್ಷೇಪಿಸಲಿಲ್ಲ. ಅರಸಾಳು ನಿಲ್ದಾಣದ ಹಳೆಯ ಕಟ್ಟಡವೀಗ ಮಾಲ್ಗುಡಿ ವಸ್ತುಸಂಗ್ರಹಾಲಯ.

ನಮ್ಮ ಕಾಲ್ಪನಿಕ ನಕ್ಷೆಗಳ ಇನ್ನೊಂದು ಕೊರತೆಯೆಂದರೆ ಅವು ದಡದಲ್ಲಿಯೇ ಮುಗಿದುಹೋಗುತ್ತವೆ. ಅಲ್ಲಿಂದ ಆಚೆಗೆ ನೀಲಿಯ ಬಣ್ಣ, ನಡುವೆ ಒಂದು ತಿಮಿಂಗಿಲ. ಬರ್ಕಾದ ಕಡಲಂಚಿನ ಕೋಟೆಯ ಬಳಿ ನಿಂತವನು ಹಾಗೆ ಬರೆಯಲಾರನು. ಮಂಗಳೂರಿನ ಅಕ್ಕಿಯನ್ನು ಉಂಡು ಬದುಕಿದ ಕರಾವಳಿಯಿದು. ಟಿಪ್ಪುಸುಲ್ತಾನನ ವ್ಯಾಪಾರದ ಕೋಠಿ ಮಸ್ಕತ್ತಿನಲ್ಲಿದ್ದಿತು, 1786ರಲ್ಲಿ ಕಾನ್‌ಸ್ಟಾಂಟಿನೋಪಲಿಗೆ ಹೊರಟ ಅವನ ರಾಯಭಾರವರ್ಗವು ಇದೇ ಸಮುದ್ರವನ್ನು ದಾಟಿ ಅಲ್ಲಿ ತಂಗಿದ್ದಿತು. ಕಚ್ಛದ ಮಾಲಮರು, ಎಂದರೆ ಹಡಗು ನಡೆಸುವವರು, ತೀರದ ಬೆಟ್ಟಗಳನ್ನೂ ದೇಗುಲಗಳನ್ನೂ ನಕ್ಷತ್ರಗಳನ್ನೂ ಗುರುತುಹಾಕಿದ ಪೋಥಿಗಳನ್ನು ಇಟ್ಟುಕೊಂಡಿದ್ದರು. ಇವರೆಲ್ಲರ ಸಮುದ್ರದಲ್ಲಿ ದಾರಿಗಳಿದ್ದವು, ಋತುಗಳಿದ್ದವು. ಮುಂಗಾರಿನ ಅಬ್ಬರದಲ್ಲಿ ಬಂದರು ಮುಚ್ಚಿ, ಗಾಳಿ ತಿರುಗಿದಮೇಲೆ ಹಾಯಿ ಏರುತ್ತಿತ್ತು. ಇದೇ ಸಮುದ್ರಕ್ಕೆ ನಮ್ಮ ದಡದಲ್ಲಿ ಬೇರೊಂದು ಕಥೆಯಿದೆ: ಪರಶುರಾಮನು ಕೊಡಲಿಯನ್ನೆಸೆದು ಹಿಂದೆ ಸರಿಸಿದ ನೀರು ಇದು. ಆ ಸರಿದ ನೀರು ಎಲ್ಲಿಗೆ ಹೋಯಿತೆಂದು ಕೇಳುವ ಕಾದಂಬರಿಕಾರನು ಇನ್ನೂ ಹುಟ್ಟಬೇಕಾಗಿದೆ.

ಅಲಂಕಾರದ ಮಾತು ಕಡೆಯದು, ಏಕೆಂದರೆ ಅದು ಕಡೆಗೇ ಬರತಕ್ಕದ್ದು. ದಿಕ್ಸೂಚಿಯ ಹೂವಿನ ಬದಲು ಅಷ್ಟದಿಕ್ಪಾಲಕರನ್ನು ಬರೆಯಬಹುದು. ಐರಾವತದ ಮೇಲೆ ಪೂರ್ವದ ಇಂದ್ರ, ಕೋಣದ ಮೇಲೆ ದಕ್ಷಿಣದ ಯಮ, ಮಕರದ ಮೇಲೆ ಪಶ್ಚಿಮದ ವರುಣ. ನಮ್ಮ ದೇಗುಲಗಳ ಭುವನೇಶ್ವರಿಗಳಲ್ಲಿ ಈ ವಿನ್ಯಾಸವು ಸಿದ್ಧವಾಗಿಯೇ ಇದೆ, ತಲೆಯೆತ್ತಿ ನೋಡಬೇಕಷ್ಟೆ. ಅಳತೆಪಟ್ಟಿಯಲ್ಲಿ ಮೈಲಿಯ ಬದಲು ಹರದಾರಿ, ಗಾವುದ, ಯೋಜನಗಳನ್ನಿಡಬಹುದು. ಊರಿನ ಹೆಸರಿಡುವಾಗ ಬಾಯಿಗೆ ಬಂದ ಸಂಸ್ಕೃತ ಶಬ್ದಕ್ಕೆ ‘ಪುರ’ವನ್ನು ಜೋಡಿಸುವ ಚಾಳಿಯನ್ನು ಮಾತ್ರ ಬಿಡಬೇಕು. ನಿಜವಾದ ಊರುಗಳ ಹೆಸರಿನಲ್ಲಿ ನೆಲವೇ ಕಾಣುತ್ತದೆ: ಮಲೆನಾಡಿಗೆ ಕೊಪ್ಪ, ಬಯಲಿಗೆ ಕೆರೆ ಕಟ್ಟೆಗಳು, ಕರಾವಳಿಗೆ ಬೈಲು ಗುಡ್ಡೆಗಳು. ಒಡಿಶಾದ ಪುರಿಯ ಪಟಚಿತ್ರಕಾರರು ಯಾತ್ರಿಕರಿಗಾಗಿ ಬರೆಯುತ್ತಿದ್ದ ಕ್ಷೇತ್ರದ ನಕ್ಷೆಗಳು ಶಂಖದ ಆಕಾರದಲ್ಲಿರುತ್ತವೆ. ಶತ್ರುಂಜಯಕ್ಕೆ ಹೋಗಲಾರದ ಜೈನರು ಕಾರ್ತಿಕ ಹುಣ್ಣಿಮೆಯಂದು ಆ ಬೆಟ್ಟದ ಪಟವನ್ನು ದರ್ಶಿಸಿ ಯಾತ್ರೆಯ ಫಲವನ್ನು ಪಡೆಯುತ್ತಾರೆ. ಇಷ್ಟು ಪ್ರಯೋಜನವುಳ್ಳ ನಕ್ಷೆಗಳು ಇಂಗ್ಲಿಷಿನ ಕಾಲ್ಪನಿಕ ಸಾಹಿತ್ಯದಲ್ಲಿ ನನಗೆ ದೊರೆತಿಲ್ಲ.

ಕೊಲ್ಲಿಯ ನಾಡುಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡ ಕುಟುಂಬಗಳಲ್ಲಿ ನನ್ನದೊಂದು ಕೋರಿಕೆಯಿದೆ. ಶಾಲೆಯ ಬೇಸಗೆ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಒಂದು ದಿನ ಮಾಲಿನಿಂದ ಬಿಡಿಸಿ, ಊರಿನ ಹಿರಿಯರೊಬ್ಬರೊಡನೆ ಗ್ರಾಮದ ಎಲ್ಲೆಯನ್ನು ಸುತ್ತಿಸಿರಿ. ಕೆರೆಯ ಕೋಡಿ, ನಾಗಬನ, ಎಲ್ಲೆಕಲ್ಲುಗಳನ್ನು ತೋರಿಸಿರಿ. ಬಿ. ಎಲ್. ರೈಸರು 1886ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳು ಈಗ ಅಂತರಜಾಲದಲ್ಲಿ ಬಿಟ್ಟಿಯಾಗಿಯೇ ದೊರೆಯುತ್ತವೆ, ಹಳೆಯ ಮೈಸೂರು ಸೀಮೆಯವರಾದರೆ ನಿಮ್ಮ ತಾಲ್ಲೂಕಿನ ಪುಟವನ್ನು ತೆರೆದು, ಯಾವುದಾದರೊಂದು ದತ್ತಿಯ ಎಲ್ಲೆಯ ವಿವರವನ್ನು ಓದಿ ಹೇಳಿ, ಕಾಗದ ಪೆನ್ಸಿಲುಗಳನ್ನು ಮಗುವಿನ ಕೈಗೆ ಕೊಡಿರಿ. ಇಲ್ಲದ ನಾಡನ್ನು ಆಮೇಲೆ ಬರೆಯಲಿ.